ಕೊನೆಯ ಸಾಲಿನ ಹೆಸರು

ಇಂಗ್ಲಿಷಿನಲ್ಲಿ ಅವಳಿ ಮಕ್ಕಳು ಬಹಳ. ಆನ್ ಟೈಮ್ ಅಂತೆ, ಇನ್ ಟೈಮ್ ಅಂತೆ. ಎವ್ರಿ ಡೇ ಎಂದು ಬಿಡಿಸಿ ಬರೆದರೆ ಒಂದು, ಎವ್ರಿಡೇ ಎಂದು ಕೂಡಿಸಿ ಬರೆದರೆ ಇನ್ನೊಂದು. ಹೆತ್ತವರಿಗೆ ಗುರುತು ಸಿಕ್ಕೀತು, ನೆರೆಮನೆಯವರು ಏನು ಮಾಡಬೇಕು? ಬೀದರಿನ ನೌಬಾದದಲ್ಲಿ ಸುಶೀಲಕುಮಾರ ನಡೆಸುತ್ತಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರುತ್ತಿದ್ದವರು ಮಾತಿನಲ್ಲಿ ಬಡವರೇನಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಬೀಗರ ಊರಿಗೆ ಹೋದರೆ ಮರಾಠಿ, ಮೂರೂ ಅವರ ನಾಲಿಗೆಯ ಮೇಲೆ ಸರಾಗ. ಈ ಅವಳಿಗಳ ಮುಂದೆ ಮಾತ್ರ ಅವರ ಬಾಯಿ ಕಟ್ಟುತ್ತಿತ್ತು. ಸುಶೀಲಕುಮಾರ ಬೋರ್ಡಿನ ತುಂಬ ನಿಯಮ ಬರೆಯುತ್ತಿದ್ದ, ಅವರು ಚೊಕ್ಕವಾಗಿ ಇಳಿಸಿಕೊಳ್ಳುತ್ತಿದ್ದರು, ಮೆಟ್ಟಿಲಿಳಿದು ಹೋಗಿ ಅದೇ ತಪ್ಪು ಮಾಡುತ್ತಿದ್ದರು.

ಅದನ್ನು ಹಾಡಿಗೆ ಇಳಿಸಿದವಳು ಆಮ್ರಪಾಲಿ. ಭಾಲ್ಕಿ ತಾಲೂಕಿನ ಸಾಯಗಾಂವದವಳು, ಇಂಗ್ಲಿಷ್ ಎಂ.ಎ. ಮಾಡಿ ಅದೇ ಕ್ಲಾಸಿನಲ್ಲಿ ಪಾಠಕ್ಕಿದ್ದಳು. ಅವಳ ಅಪ್ಪ ಮಾಣಿಕ ಭೀಮಗೀತೆಯ ಹಾಡುಗಾರ, ಆ ಕಡೆಯ ಮಾತಿನಲ್ಲಿ ಶಾಹೀರ. ಭೀಮ ಜಯಂತಿ ಬಂತೆಂದರೆ, ಬುದ್ಧ ಪೂರ್ಣಿಮೆ ಬಂತೆಂದರೆ ಅವನ ಹಾಡಿನ ಪಾರ್ಟಿಗೆ ಊರೂರಿನಿಂದ ಕರೆ. ಎರಡು ಪಾರ್ಟಿಗಳು ಎದುರುಬದುರು ಕೂತು ಸವಾಲ್ ಜವಾಬ್ ಹಾಡುವುದಿತ್ತಲ್ಲ, ಅದರಲ್ಲಿ ಮಾಣಿಕನನ್ನು ಸೋಲಿಸಿದವರು ಕಡಿಮೆ. ಅವನು ಹಾರ್ಮೋನಿಯಂ ಪೇಟಿ ಹಿಡಿದು ಮುಂದೆ ಕೂತರೆ ಹಿಂದೆ ಹಿಮ್ಮೇಳಕ್ಕೆ ಹೆಂಡತಿ ಕೌಸಲ್ಯಾಬಾಯಿ, ಅವಳ ಪಕ್ಕಕ್ಕೆ ಮಗಳು. ಆಮ್ರಪಾಲಿ ಅಕ್ಷರ ಕಲಿಯುವ ಮೊದಲೇ ಅಪ್ಪನ ಕೊನೆಯ ಸಾಲನ್ನು ಎತ್ತಿಕೊಂಡು ಹಾಡುವುದನ್ನು ಕಲಿತಿದ್ದಳು.

ಕ್ಲಾಸಿನಲ್ಲಿ ಆ ವಿದ್ಯೆ ಹೊರಬಿದ್ದದ್ದು ಮಲ್ಲೇಶ್ವರಿಯಿಂದ. ಔರಾದ ತಾಲೂಕಿನ ಎಕಂಬಾದ ಈ ಹುಡುಗಿ ಕುರಿ ಸಾಕುವ ಮಡೆಪ್ಪನ ಮಗಳು, ಡಿಗ್ರಿ ಮುಗಿಸಿ ನೌಕರಿಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಒಂದು ದಿನ ತಡವಾದಾಗ ಫೋನು ಮಾಡಿ, "ಮ್ಯಾಡಮ್, ಐ ಆಮ್ ಇನ್ ದ ವೇ" ಅಂದಳು. ಕ್ಲಾಸೆಲ್ಲ ನಕ್ಕಿತು. ದಾರಿಯಲ್ಲಿದ್ದೇನೆ ಅನ್ನಲು ಹೋಗಿ ದಾರಿಗೆ ಅಡ್ಡ ನಿಂತಿದ್ದೇನೆ ಅಂದುಬಿಟ್ಟಿದ್ದಳು. ಬಂದ ಮೇಲೆ ಅವಳ ಮುಖ ಬಾಡಿದ್ದು ನೋಡಿ ಆಮ್ರಪಾಲಿಗೆ ಸಂಕಟವಾಯಿತು. ಬೋರ್ಡಿನ ಕಡೆ ಹೋಗಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ ಸವಾಲು ಎತ್ತಿದಳು:

ಆನ್ ದ ವೇ ಅಂದರ ಏನು, ಇನ್ ದ ವೇ ಅಂದರ ಏನು?
ದಾರಿ ಒಂದೇ ಅದ ಎರಡಕ್ಕೂ, ಜವಾಬ ಕೊಡು ನೀನು.

ಜವಾಬನ್ನೂ ತಾನೇ ಕಟ್ಟಿದಳು:

ಆನ್ ದ ವೇ ನಾ ಬರ್ಲಾಕತ್ತೇನಿ ಭಾಲ್ಕಿ ಗಾಡಿ ಏರಿ,
ಇನ್ ದ ವೇ ಅಡ್ಡ ನಿಂತಾವ ಎಕಂಬಾದ ಕುರಿ.
ಬರೋದೇ ಬ್ಯಾರಿ, ತಡಿಯೋದೇ ಬ್ಯಾರಿ, ತಿಳಕೋರಿ ಜನ ಎಲ್ಲಾ,
ಸಾಯಗಾಂವ ಮಾಣಿಕನ ಮಗಳು ಆಮ್ರಪಾಲಿ ಹೇಳ್ಯಾಳಲ್ಲಾ.

ಮಲ್ಲೇಶ್ವರಿ ಕುರಿಯ ಸಾಲಿಗೆ ಬಾಯ್ತುಂಬ ನಕ್ಕಳು. ಆಮೇಲೆ ಆ ಕ್ಲಾಸಿನಲ್ಲಿ ಒಬ್ಬರೂ ಆ ತಪ್ಪು ಮಾಡಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ. ಗಾಡಿ ಹೇಳಿದ ಹೊತ್ತಿಗೆ ಬಂದರೆ ಆನ್ ಟೈಮ್, ಬಾಗಿಲು ಮುಚ್ಚುವುದರೊಳಗೆ ನಾವು ಹೋಗಿ ಮುಟ್ಟಿದರೆ ಇನ್ ಟೈಮ್. ಮೊದಲು ಹಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ ಅನ್ನುವವನದು ಐ ಯೂಸ್ಡ್ ಟು ಸಿಂಗ್. ಹಾಡಿ ಹಾಡಿ ರೂಢಿಯಾಗಿದೆ ಅನ್ನುವವನದು ಐ ಆಮ್ ಯೂಸ್ಡ್ ಟು ಸಿಂಗಿಂಗ್. ಒಂದೊಂದು ಜೋಡಿಗೂ ಒಂದು ಸವಾಲು, ಒಂದು ಜವಾಬು. ಅರ್ಧ ಕ್ಲಾಸು ಕೇಳುವುದು, ಅರ್ಧ ಕ್ಲಾಸು ಹೇಳುವುದು. ಕೆಳಗಿನ ಅಂಗಡಿಯ ಖುರ್ಷಿದ ಬೇಗಂ ಕೂಡ ಗಿರಾಕಿಗೆ ಚಿಲ್ಲರೆ ಕೊಡುತ್ತ "ಆನ್ ದ ವೇ" ಗುನುಗುತ್ತಿದ್ದಳು.

ಈಗ ಆ ಕೊನೆಯ ಸಾಲಿನ ವಿಷಯ ಹೇಳಬೇಕು, ಯಾಕೆಂದರೆ ಜಗಳವೆಲ್ಲ ಅಲ್ಲೇ ಇದೆ. ಈ ಹಾಡುಗಾರರಲ್ಲಿ ಹಾಡಿನ ಕೊನೆಗೆ ಹೆಸರು ಹಾಕುವ ಪದ್ಧತಿ. ಛಾಪು ಅನ್ನುತ್ತಾರೆ. ಛಾಪು ಯಾರದೋ ಹಾಡು ಅವರದು. ಮಾಣಿಕನ ಪಾರ್ಟಿಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಶಿಷ್ಯ ಎಷ್ಟೇ ದೊಡ್ಡವನಾಗಲಿ, ಹಾಡು ತಾನೇ ಕಟ್ಟಿರಲಿ, ಗುರುಮನೆಯ ಹೆಸರನ್ನೇ ಹಾಕಬೇಕು. ಗುರು ಸಭೆಯ ಮುಂದೆ ಶಿಷ್ಯನ ಹೆಗಲಿಗೆ ನೀಲಿ ರುಮಾಲು ಹಾಕಿ "ಇನ್ನ ನಿನ್ನ ಹೆಸರ ಹಾಕು" ಎಂದ ಮೇಲಷ್ಟೇ ಸ್ವಂತ ಛಾಪು. ಮಾಣಿಕನ ಗುರು ಭಾಲ್ಕಿಯ ಕೈಲಾಶ. ಆತ ರುಮಾಲು ಹಾಕುತ್ತೇನೆ ಹಾಕುತ್ತೇನೆ ಅನ್ನುತ್ತಲೇ ಕಣ್ಣು ಮುಚ್ಚಿದ. ಮಾಣಿಕ ತಲೆ ನರೆಯುವವರೆಗೂ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಹಾಡಿಗೆಲ್ಲ "ಭಾಲ್ಕಿ ಗುರುಮನಿ ಕೈಲಾಶ ಹೇಳ್ಯಾನಲ್ಲಾ" ಎಂದೇ ಹಾಡಿದ. ಚಿಕ್ಕಂದಿನಲ್ಲಿ ಆಮ್ರಪಾಲಿಗೆ ಒಂದೇ ಆಸೆ, ಒಮ್ಮೆಯಾದರೂ ಆ ಜಾಗದಲ್ಲಿ ಅಪ್ಪನ ಹೆಸರು ಎತ್ತಿಕೊಂಡು ಹಾಡಬೇಕು. ಅದಕ್ಕೇ ತನ್ನ ಹಾಡು ತಾನು ಕಟ್ಟಿದಾಗ ಅಪ್ಪನ ಹೆಸರನ್ನು ಮುಂದಿಟ್ಟು ತನ್ನದನ್ನು ಹಿಂದಿಟ್ಟಳು. ಇಂಗ್ಲಿಷಿನ ಹಾಡಿಗೆ ಯಾವ ಗುರುಮನೆ, ಯಾವ ಕಟ್ಟಳೆ ಎಂಬ ಧೈರ್ಯ ಅವಳದು.

ಕ್ಲಾಸಿನ ಯಜಮಾನ ಸುಶೀಲಕುಮಾರ ಅದೇ ಕೈಲಾಶನ ಮಗ. ಅಪ್ಪನ ಗಂಟಲು ಅವನಿಗೆ ಬಂದಿರಲಿಲ್ಲ, ಅಪ್ಪನ ಠೀವಿ ಪೂರ್ತಿ ಬಂದಿತ್ತು. ಆಮ್ರಪಾಲಿಯನ್ನು ತಂಗಿ ಅನ್ನುತ್ತಿದ್ದ. ಹಾಡು ಕೇಳಿ ಕ್ಲಾಸಿನಲ್ಲಿ ಕೂರಲು ಜಾಗವಿಲ್ಲದಷ್ಟು ಮಂದಿ ಬರತೊಡಗಿದಾಗ ಚಹಾ ತರಿಸಿ ಎಲ್ಲರ ಮುಂದೆ ಹೇಳಿದ:

"ಔರಾದದಾಗ ಒಂದು ಕ್ಲಾಸ್ ತೆಗೀಬೇಕಂತ ಮಾಡೇನಿ. ಹಾಡ ನಿಂದು, ಔರಾದ ನಿಂದು. ಬೋರ್ಡಿನ ಮ್ಯಾಲ ನಿನ್ನ ಹೆಸರೇ ಬರ್ಲಿ, ತಂಗಿ."

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು? ಗುರುಮನೆಯ ಮಾತು. ಊರಿಗೆ ಹೋಗಿ ಅವ್ವನಿಗೆ ಹೇಳಿದಳು, ಅಪ್ಪನ ಮುಂದೆ ಕೂತು ಒಂದೊಂದೇ ಹಾಡು ಹಾಡಿ ತೋರಿಸಿದಳು. ಮಾಣಿಕ ಪೇಟಿಯ ಮೇಲೆ ಬೆರಳಾಡಿಸಿ ಅಲ್ಲೊಂದು ಇಲ್ಲೊಂದು ರಾಗದ ಎಳೆತ ತಿದ್ದಿದ. ಅಪ್ಪ ಮಗಳು ಕೂಡಿ ಹಾಡಿದ್ದನ್ನು ಕೇಳಲು ಓಣಿಯ ಮಂದಿ ಕಟ್ಟೆಯ ಮೇಲೆ ಬಂದು ಕೂತರು. ಕೌಸಲ್ಯಾಬಾಯಿ ಆ ದಿನ ಹೋಳಿಗೆ ಮಾಡಿದ್ದಳು.

ಬೇಲಿಯೇ ಎದ್ದು ಹೊಲ ಮೇಯ್ದ ಸುದ್ದಿ ತಂದವಳೂ ಮಲ್ಲೇಶ್ವರಿಯೇ. ಒಂದು ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಹಿಂದೆ ಉಳಿದು, ಫೋನು ಮುಂದೆ ಹಿಡಿದಳು.

"ಅಕ್ಕಾ, ಈ ವಿಡಿಯೊ ನಮ್ಮೂರಾಗ ಎಲ್ಲಾರ ಫೋನಿನಾಗ ಬಂದದರಿ. ಡಾಬಕಾ ಊರಾಗೂ ನೋಡ್ಲಾಕತ್ತಾರ. ಆದ್ರ ಜರಾ ಕೊನೀಗಿ ಕೇಳ್ರಿ."

ವಿಡಿಯೊದಲ್ಲಿ ಸುಶೀಲಕುಮಾರ ಸೂಟು ತೊಟ್ಟು ಬೋರ್ಡಿನ ಮುಂದೆ ನಿಂತು ಕೈ ತಿರುಗಿಸುತ್ತಿದ್ದ. ಹಾಡು ಹಿಂದಿನಿಂದ ಬರುತ್ತಿತ್ತು. ಮೊದಲ ಸಾಲಿಗೇ ಆಮ್ರಪಾಲಿಗೆ ಗೊತ್ತಾಯಿತು, ಆ ಗಂಟಲನ್ನು ಅವಳು ಸಂತೆಯ ಗದ್ದಲದಲ್ಲೂ ಗುರುತಿಸುತ್ತಿದ್ದಳು. ಅಪ್ಪ ಹಾಡುತ್ತಿದ್ದ. ಅವಳ ಸವಾಲು, ಅವಳ ಜವಾಬು, ಅವಳ ಕುರಿ, ಅವಳ ಭಾಲ್ಕಿ ಗಾಡಿ. ಎಳೆತ ಕೂಡ ಅಂದು ಕಟ್ಟೆಯ ಮೇಲೆ ಇಬ್ಬರೂ ಕೂಡಿ ತಿದ್ದಿದ್ದೇ. ಕೊನೆಗೆ ಅದೇ ಗಂಟಲು ಒಂದಿಷ್ಟೂ ನಡುಗದೆ ಹಾಡಿತು: "ಭಾಲ್ಕಿ ಗುರುಮನಿ ಸುಶೀಲಕುಮಾರ ಹೇಳ್ಯಾನಲ್ಲಾ."

"ನಮ್ಮಪ್ಪಗ ನಾ ಹೇಳ್ದೆ, ಇದು ನಮ್ಮ ಅಕ್ಕಾಂದು ಹಾಡಂತ," ಅಂದಳು ಮಲ್ಲೇಶ್ವರಿ. "ಹುಚ್ಚಿ, ಹೆಸರ ಸರ್‌ದು ಅದ ನೋಡು ಅಂದ. ನಾ ಏನ್ ಹೇಳ್ಲಿರಿ?"

ಆಮ್ರಪಾಲಿ ಸೀದಾ ಸುಶೀಲಕುಮಾರನ ಕೋಣೆಗೆ ಹೋದಳು. ಅವನು ಸಿಟ್ಟಾಗಲಿಲ್ಲ, ತಡವರಿಸಲೂ ಇಲ್ಲ. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡಿದ.

"ಗುರುಮನಿ ಪದ್ಧತಿ ಅದ ಅಲ್ಲ, ತಂಗಿ. ನಾ ಏನ್ ಕಸಗೊಂಡೇನಿ? ನಿಮ್ಮಪ್ಪ ಖುಷಿಲೇ ಹಾಡ್ಯಾನ. ಬೇಕಾದ್ರ ಅವನ್ನೇ ಕೇಳು."

"ಔರಾದ ನಂದು ಅಂದಿದ್ರಿ."

"ಮಂದಿ ಈಗ ನನ್ನ ಹೆಸರ ಕೇಳಿ ಬರ್ತಾರ. ಹಾಡಿನಾಗ ಒಂದು ಹೆಸರ, ಬೋರ್ಡಿನ ಮ್ಯಾಲ ಒಂದು ಹೆಸರ ಇದ್ರ ಹ್ಯಾಂಗ ನಡೀತದ ಹೇಳು? ಔರಾದ ನಾ ನೋಡ್ಕೋತೇನಿ. ನೀ ಇಲ್ಲಿ ನೌಬಾದ ಸಂಭಾಳಿಸು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇವಳ ತುತ್ತು ಬಾಯಿಗೆ ಬಂದಿತ್ತು, ಅದನ್ನು ತೆಗೆದು ಇನ್ನೊಬ್ಬರ ಬಾಯಿಗಿಟ್ಟ ಕೈ ಅಪ್ಪನದು. ಸುಶೀಲಕುಮಾರನ ಮೇಲೆ ಅವಳಿಗೆ ಸಿಟ್ಟು ಬಂತು, ನಿಜ. ಆದರೆ ಸಾಯಗಾಂವದ ದಾರಿ ಹಿಡಿದಾಗ ಅವಳ ಎದೆಯಲ್ಲಿ ಇದ್ದದ್ದು ಸಿಟ್ಟಲ್ಲ. ಸಿಟ್ಟಾದರೆ ಬೈದು ತೀರಿಸಿಕೊಳ್ಳಬಹುದಿತ್ತು.

ಮಾಣಿಕ ಕಟ್ಟೆಯ ಮೇಲೆ ಪೇಟಿಯ ಧೂಳು ಒರೆಸುತ್ತಿದ್ದ. ಮಗಳನ್ನು ಕಂಡು ಮುಖ ಅರಳಿತು. ಆ ಸೀಮೆಯಲ್ಲಿ ಮುದ್ದಿನ ಮಗಳನ್ನೂ ತಂಗಿ ಎಂದೇ ಕರೆಯುತ್ತಾರೆ.

"ಬಾ ತಂಗಿ, ಬಾ. ವಿಡಿಯೊ ಕೇಳ್ದಿ ಏನು? ಗಂಟಲ ಇನ್ನಾ ಗಟ್ಟಿ ಅದ ಹೌದಿಲ್ಲೋ?"

"ಹಾಡ ಕೇಳ್ದೆ ಅಪ್ಪಾ. ಹೆಸರೂ ಕೇಳ್ದೆ."

ಅವನು ಅರಿವೆಯನ್ನು ಮಡಚಿದ. "ಗುರುಮನಿ ಹೆಸರ ಅದ. ಅದ್ರಾಗ ತಪ್ಪೇನದ?"

"ಅವರಪ್ಪ ನಿನಗ ಗುರು. ಸುಶೀಲಣ್ಣ ನನಗ ಏನ್ ಕಲಿಸ್ಯಾನ? ಅವನಿಗಿ ತಾಳ ಹಾಕ್ಲಾಕ ಬರಲ್ಲ. ನನ್ನ ಹಾಡಿಗಿ ನೀ ಹ್ಯಾಂಗ ಅವನ ಹೆಸರ ಹಾಕ್ದಿ?"

"ನನ್ನ ಹಾಡಿನಾಗ ನನ್ನ ಹೆಸರ ಎಂದಾದ್ರೂ ಕೇಳೀಯೇನು ನೀ?" ಮಾಣಿಕನ ದನಿ ಏರಿತು. "ಇಷ್ಟು ವರ್ಷ ಹಾಡ್ದೆ. ಯಾವೂರಾಗ ಯಾರು ಕೇಳಿದ್ರೂ ಕೈಲಾಶನ ಹಾಡು, ಕೈಲಾಶನ ಹಾಡು. ನಾ ಸುಮ್ನ ಕೂತೆ. ನಿನಗ ನಾಕು ದಿನ ಕೂಡ್ಲಾಕ ಆಗಲ್ಲ ಏನು?"

ಒಳಗೆ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಕೌಸಲ್ಯಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು. "ಖರೇ ಏನದ ಅದು ಹೇಳ್ರಿ ಪೋರಿಗಿ. ಯಾಕ ಮುಚ್ಚಿಡ್ತೀರಿ?"

ಮಾಣಿಕ ತಲೆ ಕೆಳಗೆ ಹಾಕಿದ. ಆಮೇಲೆ ಹೇಳಿದ. ಔರಾದದಲ್ಲಿ ಕ್ಲಾಸು ಶುರುವಾಗುವ ದಿನ, ಸಭೆಯ ಮುಂದೆ, ಕೈಲಾಶನ ಮಗ ತನ್ನ ಹೆಗಲಿಗೆ ನೀಲಿ ರುಮಾಲು ಹಾಕುತ್ತಾನೆ. ಗುರು ಇಲ್ಲದ ಮೇಲೆ ಗುರುವಿನ ಕೈ ಅಂದರೆ ಮಗನ ಕೈಯೇ. ಹಾಡು ಕೊಟ್ಟರೆ ರುಮಾಲು, ಇಷ್ಟೇ ಮಾತು ಆಗಿದ್ದು.

"ಅಂದ್ರ ನಿನ್ನ ಹೆಸರಿಗಿ ನನ್ನ ಹೆಸರ ಕೊಟ್ಟಿ," ಅಂದಳು ಆಮ್ರಪಾಲಿ.

"ಹಾಂಗ ಅನಬ್ಯಾಡ, ತಂಗಿ. ಕೇಳಿಲ್ಲಿ." ಮಾಣಿಕ ಪೇಟಿಯನ್ನು ಇಬ್ಬರ ನಡುವೆ ಎಳೆದುಕೊಂಡ. "ರುಮಾಲು ಬಿದ್ದಮ್ಯಾಗ ನಾ ಯಾರ ಹೆಸರ ಹಾಕಿದ್ರೂ ಕೇಳವ್ರಿಲ್ಲ. ಅವತ್ತೇ, ಅದೇ ಸಭಾದಾಗ, ಔರಾದ ಮಂದಿ ಮುಂದ ನಿನ್ನ ಹೆಸರ ಹಾಕಿ ಹಾಡ್ತೇನಿ. ಹಾಡ ಯಾರ್ದಂತ ಎಲ್ಲಾರಿಗಿ ಗೊತ್ತಾಗ್ಲಿ. ಆಗ ಸುಶೀಲ ಏನ್ ಮಾಡ್ತಾನ? ಪೇಟಿ ಮುಟ್ಟಿ ಹೇಳ್ತೇನಿ."

ಮುಟ್ಟಿಯೇ ಹೇಳಿದ. ಹಾಡುಗಾರ ಪೇಟಿ ಮುಟ್ಟಿ ಸುಳ್ಳು ಹೇಳುವುದಿಲ್ಲ, ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಮ್ರಪಾಲಿ ಕಣ್ಣೊರೆಸಿಕೊಂಡಳು. ಮನಸ್ಸು ಪೂರ್ತಿ ತಿಳಿಯಾಗಲಿಲ್ಲ, ಆದರೂ ನೆಚ್ಚಿದಳು. ನೆಚ್ಚಿದ ಎಮ್ಮೆ ಕೋಣ ಈಯುತ್ತದೆ ಅನ್ನುವ ಗಾದೆ ಮಾಡಿದವರು ಎಮ್ಮೆಯ ವಿಷಯ ಬಲ್ಲವರು. ಅಪ್ಪಂದಿರ ವಿಷಯ ಅವರಿಗೆ ಗೊತ್ತಿರಲಿಕ್ಕಿಲ್ಲ ಎಂದು ಅವಳು ಅಂದುಕೊಂಡಿರಬೇಕು. ಉಂಡು, ಅವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಬೀದರಿಗೆ ಬಂದಳು.

ಔರಾದದ ಫಂಕ್ಷನ್ ಹಾಲು ಕಿಕ್ಕಿರಿದಿತ್ತು. ಮಕ್ಕಳನ್ನು ಕ್ಲಾಸಿಗೆ ಹಾಕಬೇಕೆಂದಿದ್ದ ತಂದೆತಾಯಿಗಳು ಎಕಂಬಾದಿಂದ, ಡಾಬಕಾದಿಂದ ಬಂದಿದ್ದರು. ಮುಂದಿನ ಸಾಲಿನಲ್ಲಿ ಮಲ್ಲೇಶ್ವರಿ, ಪಕ್ಕದಲ್ಲಿ ತಲೆಗೆ ಕೆಂಪು ಪಟಗ ಸುತ್ತಿದ ಮಡೆಪ್ಪ. ಬಾಗಿಲ ಮೇಲಿನ ಬೋರ್ಡಿನಲ್ಲಿ ಸುಶೀಲಕುಮಾರನ ಹೆಸರು, ಅವನ ಫೋಟೊ. ಆಮ್ರಪಾಲಿ ಅದನ್ನು ನೋಡಿಯೂ ನೋಡದ ಹಾಗೆ ಒಳಗೆ ಬಂದಿದ್ದಳು. ಇರಲಿ, ಇನ್ನೊಂದು ಗಳಿಗೆ ತಡಿ ಎಂದು ತನಗೆ ತಾನೇ ಹೇಳಿಕೊಂಡಳು. ಬೋರ್ಡು ಬದಲಾಗಲು ಎಷ್ಟು ಹೊತ್ತು? ಹಾಡು ಯಾರದೆಂದು ಈ ಮಂದಿ ಒಮ್ಮೆ ಕೇಳಿದರೆ ಸಾಕು. ವೇದಿಕೆಯ ಮೇಲೆ ಅಪ್ಪನ ಹಿಂದೆ, ಅವ್ವನ ಪಕ್ಕಕ್ಕೆ, ಚಿಕ್ಕಂದಿನ ತನ್ನ ಜಾಗದಲ್ಲಿ ಕೂತಳು.

ಸುಶೀಲಕುಮಾರ ಭಾಷಣ ಮಾಡಿದ. ತನ್ನ ತಂದೆಯ ಹೆಸರು ಹೇಳುವಾಗ ಎರಡೂ ಕೈ ಎತ್ತಿ ಮುಗಿದ. ಆಮೇಲೆ ನೀಲಿ ರುಮಾಲನ್ನು ಬಿಚ್ಚಿ ಮಾಣಿಕನ ಹೆಗಲ ಮೇಲೆ ಹೊದಿಸಿ, "ಮಾಣಿಕ ಕಾಕಾ, ಇನ್ನ ನಿಮ್ಮ ಹೆಸರ ಹಾಕ್ರಿ" ಎಂದ. ಮಾಣಿಕ ಗಳಗಳನೆ ಅತ್ತುಬಿಟ್ಟ. ರುಮಾಲಿನ ಅಂಚನ್ನು ಕಣ್ಣಿಗೊತ್ತಿಕೊಂಡ. ಕೌಸಲ್ಯಾಬಾಯಿಯೂ ಅತ್ತಳು. ಆಮ್ರಪಾಲಿಗೂ ಅಳು ಬಂತು, ಸಂತೋಷಕ್ಕೇ ಬಂತು. ಆ ಮನುಷ್ಯ ಆ ಬಟ್ಟೆಗಾಗಿ ಎಷ್ಟು ಕಾದಿದ್ದನೆಂದು ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತು?

ಮಾಣಿಕ ಪೇಟಿ ಬಿಚ್ಚಿ ತನ್ನದೊಂದು ಹಳೆಯ ಭೀಮಗೀತೆ ಎತ್ತಿಕೊಂಡ. ನಾಲ್ಕು ಸಾಲು ಆಗುವುದರಲ್ಲಿ ಹಿಂದಿನಿಂದ ಯಾರೋ ಕೂಗಿದರು, "ಆನ್ ದ ವೇ ಹಾಡ್ರಿ!" ಇನ್ನಷ್ಟು ಮಂದಿ ದನಿಗೂಡಿಸಿದರು. ಮಾಣಿಕ ಹಳೆಯ ಹಾಡನ್ನು ಅಲ್ಲಿಗೇ ಬಿಟ್ಟು ಢೋಲಕಿಯವನಿಗೆ ಕಣ್ಸನ್ನೆ ಮಾಡಿದ.

ಆಮ್ರಪಾಲಿ ಸವಾಲು ಎತ್ತಿದಳು. ಮಾಣಿಕ ಜವಾಬು ಕೊಟ್ಟ. ಕುರಿ ಬಂದಾಗ ಹಾಲೆಲ್ಲ ನಕ್ಕಿತು, ಮಡೆಪ್ಪ ಪಟಗ ಸರಿಮಾಡಿಕೊಂಡು ಅಕ್ಕಪಕ್ಕದವರನ್ನು ನೋಡಿದ. ತಂದೆ ಮಗಳ ದನಿಗಳು ಒಂದಕ್ಕೊಂದು ಹೊಸೆದುಕೊಂಡು ಮೇಲೇರಿದವು. ಇಷ್ಟು ಚೆನ್ನಾಗಿ ಅವರು ಎಂದೂ ಹಾಡಿರಲಿಲ್ಲ. ತಿಳಕೋರಿ ಜನ ಎಲ್ಲಾ ಎಂದು ಮಾಣಿಕ ದನಿಯನ್ನು ಎತ್ತಿ ನಿಲ್ಲಿಸಿದ. ಆಮ್ರಪಾಲಿ ಉಸಿರು ಹಿಡಿದಳು. ಅವನು ರುಮಾಲನ್ನು ಹೆಗಲ ಮೇಲೆ ಜಗ್ಗಿಕೊಂಡು, ಕಣ್ಣು ಮುಚ್ಚಿ, ಕೊನೆಯ ಸಾಲನ್ನು ಬಿಟ್ಟ:

"ಸಾಯಗಾಂವ ಶಾಹೀರ ಮಾಣಿಕ ತಾನೇ ಹೇಳ್ಯಾನಲ್ಲಾ!"

ಅವಳ ಗಂಟಲು ಅದನ್ನು ಎತ್ತಿಕೊಂಡಿತು. ಹುಟ್ಟಿದಾಗಿನಿಂದ ಅಪ್ಪನ ಕೊನೆಯ ಸಾಲನ್ನು ಎತ್ತಿಕೊಂಡೇ ಬೆಳೆದ ಗಂಟಲು ಅದು, ಅವಳನ್ನು ಕೇಳಲಿಲ್ಲ. ಚಿಕ್ಕಂದಿನಿಂದ ಬಯಸಿದ ಹೆಸರು ಬಂದಿತೆಂದು ಒಂದು ಗಳಿಗೆ ಹಿಗ್ಗಿಯೂ ಬಿಟ್ಟಿತು. ಎಲ್ಲರಿಗಿಂತ ಜೋರಾಗಿ ಹಾಡಿದವಳು ಅವಳೇ. ಹಾಡಿದ ಮೇಲೆ ತಾನು ಹಾಡಿದ್ದು ಏನೆಂದು ಕಿವಿಗೆ ಬಿತ್ತು.

ಹಾಲು ಚಪ್ಪಾಳೆಯಿಂದ ತುಂಬಿತು. ಸುಶೀಲಕುಮಾರನ ಮುಖ ಹರಳೆಣ್ಣೆ ಕುಡಿದಂತಾಗಿತ್ತು, ಆದರೆ ರುಮಾಲು ಹಾಕಿದ ಕೈ ಅವನದೇ, ಏನು ಮಾತಾಡುತ್ತಾನೆ? ಮುಂದಿನ ಸಾಲಿನಲ್ಲಿ ಮಲ್ಲೇಶ್ವರಿ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಮಡೆಪ್ಪ ಅವಳ ಕಡೆ ಬಾಗಿ, ಈಗ ಹಾಡು ಈ ಮುದುಕನದೇನು ಎಂದು ಕೇಳುತ್ತಿದ್ದ.

ಮಾಣಿಕ ಹಿಂದೆ ತಿರುಗಿದ. ಮುಖವೆಲ್ಲ ಬೆವರು, ಕಣ್ಣಲ್ಲಿ ಕೂಸಿನ ಖುಷಿ. ಮಗಳ ಮುಖ ನೋಡಿದ ಮೇಲೆ ಮೈಕಿಗೆ ಕೇಳದಂತೆ ಹತ್ತಿರ ಬಾಗಿದ.

"ನೀ ಕಟ್ಟಿದ್ದರಾಗೂ ನನ್ನ ಹೆಸರ ಇದ್ದೇ ಇತ್ತಲ್ಲ, ತಂಗಿ. ಮಾಣಿಕನ ಮಗಳು ಅಂತ. ಅದನ್ನೇ ಜರಾ ಗಿಡ್ಡ ಮಾಡ್ದೆ, ಅಷ್ಟೇ."

ಅವಳು ಪ್ರೀತಿಯಿಂದ ಮುಂದಿಟ್ಟಿದ್ದ ಹೆಸರು. ಅದನ್ನು ಇಟ್ಟುಕೊಂಡು ಅವಳನ್ನು ಕೈಬಿಟ್ಟಿದ್ದ. ಅವನು ಮುಟ್ಟಿ ಮಾತು ಕೊಟ್ಟಿದ್ದ ಪೇಟಿಯ ಕಡೆ ಅವಳು ನೋಡಿದಳು. ಹಾಲಿನ ತುಂಬ "ಒನ್ಸ್ ಮೋರ್, ಒನ್ಸ್ ಮೋರ್" ಎಂಬ ಕೂಗು. ಮಾಣಿಕ ಮುಂದಕ್ಕೆ ತಿರುಗಿ ಅದೇ ಸಾಲನ್ನು ಇನ್ನೊಮ್ಮೆ ಎತ್ತಿದ, ಮೊದಲಿಗಿಂತ ಎತ್ತರಕ್ಕೆ.

ಈ ಸಲ ಆಮ್ರಪಾಲಿ ಎತ್ತಿಕೊಳ್ಳಲಿಲ್ಲ. ಮಗಳನ್ನೇ ನೋಡುತ್ತ ಕೌಸಲ್ಯಾಬಾಯಿಯೂ ಎತ್ತಿಕೊಳ್ಳುವುದನ್ನು ಮರೆತಳು. ಢೋಲಕಿ ಬಡಿಯುತ್ತಲೇ ಇತ್ತು, ಮಾಣಿಕನ ಹೆಸರು ಹಿಮ್ಮೇಳವಿಲ್ಲದೆ ಹಾಲಿನ ನಡುವೆ ನಿಂತಿತು. ಅವನು ತಿರುಗಿ ನೋಡಿದ. ಹಿಮ್ಮೇಳಕ್ಕಾಗಿ ಅವನು ತಿರುಗಿ ನೋಡಿದ್ದು ಅದೇ ಮೊದಲು. ಹಾಡು ಹಾಡು ಎಂದು ಕೈ ಮಾಡಿದ. ಅವಳು ಮೈಕನ್ನು ಜಮಖಾನೆಯ ಮೇಲಿಟ್ಟು ಎದ್ದಳು. ಕೌಸಲ್ಯಾಬಾಯಿ ಅವಳ ಸೆರಗು ಹಿಡಿದಳು. "ಕೂಡು ತಂಗಿ, ಮಂದಿ ನೋಡ್ತಾರ," ಎಂದು ಪಿಸುಗುಟ್ಟಿದಳು. ಆಮ್ರಪಾಲಿ ಸೆರಗು ಬಿಡಿಸಿಕೊಂಡಳು.

ಬಾಗಿಲ ಬಳಿ ನೂರಾರು ಚಪ್ಪಲಿಗಳ ನಡುವೆ ತನ್ನವನ್ನು ಹುಡುಕುತ್ತಿದ್ದಾಗ ಒಳಗೆ ಮಾಣಿಕ ಮತ್ತೆ ಆ ಸಾಲನ್ನು ಎತ್ತಿದ್ದು ಕೇಳಿಸಿತು. ಅದರ ಬೆನ್ನಿಗೆ ಒಂದು ಒಂಟಿ ದನಿ ಅದನ್ನು ಎತ್ತಿಕೊಂಡಿತು. ಮೊದಲು ತುಸು ತಡವರಿಸಿ, ಆಮೇಲೆ ರೂಢಿಯಂತೆ ಗಟ್ಟಿಯಾಗಿ ಅದು ಹಾಡಿತು. ಅವ್ವನ ದನಿ. ಆಮ್ರಪಾಲಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.